ಮಣ್ಣಪಳ್ಳದ ಮೇಲಿನ ಊರು: ಡಾ. ಟಿ. ಎಂ. ಎ. ಪೈ ಅವರ ಸ್ಮರಣೆ

ನೂರು ವರ್ಷ ತುಂಬಿದ ಶಾಲೆಯ ಸ್ಮರಣ ಸಂಪುಟದಲ್ಲಿ ಸ್ಥಾಪಕರನ್ನು, ದಾನಿಗಳನ್ನು, ಗುರುಗಳನ್ನು ನೆನೆಯುವುದು ವಾಡಿಕೆ. ಆ ಲೇಖನಗಳು ಈ ಸಂಪುಟದ ಬೇರೆ ಪುಟಗಳಲ್ಲಿವೆ. ಇಲ್ಲಿ ನಾವು ನೆನೆಯಲು ಹೊರಟಿರುವವರು ನಮ್ಮ ಶಾಲೆಯ ಸ್ಥಾಪಕರೂ ಅಲ್ಲ, ಇಲ್ಲಿ ಓದಿದವರೂ ಅಲ್ಲ. ಆದರೂ ಗೋವೆಯಿಂದ ಕಾಸರಗೋಡಿನವರೆಗೆ ಹಬ್ಬಿರುವ ಈ ಕರಾವಳಿಯಲ್ಲಿ ಒಬ್ಬ ವ್ಯವಹಾರಸ್ಥನು ತನ್ನ ಊರಿಗಾಗಿ ಏನನ್ನು ಮಾಡಬಲ್ಲನೆಂಬ ಪ್ರಶ್ನೆ ಎದ್ದಾಗಲೆಲ್ಲ ಅವರ ಹೆಸರು ನಾಲಗೆಯ ಮೇಲೆ ಬರುತ್ತದೆ. ಅವರೇ ತೋನ್ಸೆ ಮಾಧವ ಅನಂತ ಪೈ. ಜನರು ಬಲ್ಲಂತೆ ಡಾ. ಟಿ. ಎಂ. ಎ. ಪೈ.

ಪೈಯವರು ತೀರಿಕೊಂಡು ನಾಲ್ಕೂವರೆ ದಶಕಗಳು ಕಳೆದಿವೆ. ಇಂದಿನ ನಮ್ಮ ವಿದ್ಯಾರ್ಥಿಗಳಿಗೆ ಮಣಿಪಾಲವೆಂದರೆ ಎತ್ತರದ ಕಟ್ಟಡಗಳ, ದೂರದೇಶದ ವಿದ್ಯಾರ್ಥಿಗಳ, ದೊಡ್ಡ ಆಸ್ಪತ್ರೆಯ ಊರು. ಆ ಹೆಸರಿನೊಳಗೆ ಒಂದು ಕೆರೆ ಅಡಗಿದೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ತುಳುವಿನಲ್ಲಿ ಪಳ್ಳವೆಂದರೆ ಕೆರೆ. ಮಣ್ಣಿನ ಪಳ್ಳ ಮಣ್ಣಪಳ್ಳವಾಗಿ, ಆ ಹೆಸರು ಆಂಗ್ಲರ ಬರವಣಿಗೆಯಲ್ಲಿ ಸವೆದು ಮಣಿಪಾಲವಾಯಿತು. ಊರಿಗೆ ಹೆಸರು ಕೊಟ್ಟ ಆ ಕೆರೆ ಇಂದಿಗೂ ಅಲ್ಲಿದೆ. ಪೈಯವರ ಬಾಳನ್ನು ಅರಿಯಲು ಈ ಕೆರೆಯಿಂದಲೇ ಆರಂಭಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ನಿಲ್ಲದ ನೀರಿನ ನಾಡು

ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದುಬಿಡುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಣ ನೆಲ ಕಿರಿದು, ಇಳಿಜಾರು ಹೆಚ್ಚು. ಮುರಕಲ್ಲಿನ ಗುಡ್ಡಗಳ ಮೇಲೆ ಬಿದ್ದ ನೀರು ತೋಡು ಸೇರಿ, ಹೊಳೆ ಸೇರಿ, ಬೇಗನೆ ಸಮುದ್ರದ ಪಾಲಾಗುತ್ತದೆ. ಆದುದರಿಂದಲೇ ಇಷ್ಟು ಮಳೆಯ ನಾಡಿನಲ್ಲೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾವಿಯ ತಳ ಕಾಣುತ್ತದೆ. ನಮ್ಮ ಹಿರಿಯರು ತೋಡಿಗೆ ಕಟ್ಟ ಕಟ್ಟಿದ್ದು, ಗುಡ್ಡದ ತಗ್ಗಿನಲ್ಲಿ ಪಳ್ಳಗಳನ್ನು ಉಳಿಸಿಕೊಂಡದ್ದು, ಹರಿದುಹೋಗುವ ನೀರನ್ನು ನಾಲ್ಕು ದಿನವಾದರೂ ಊರಿನಲ್ಲಿ ನಿಲ್ಲಿಸುವುದಕ್ಕಾಗಿ.

ನೀರಿನಂತೆಯೇ ಈ ನಾಡಿನಿಂದ ಹಣವೂ ಹರಿದುಹೋಗುತ್ತಿತ್ತು, ಮಕ್ಕಳೂ ಹೊರಟುಹೋಗುತ್ತಿದ್ದರು. ದುಡಿದವನ ಕೈಯಲ್ಲಿ ಉಳಿದ ಪುಡಿಗಾಸು ನಿಲ್ಲಲು ತಾಣವಿರಲಿಲ್ಲ. ಅದು ಸಾಲದ ಬಡ್ಡಿಗೋ ಅಂದಂದಿನ ಖರ್ಚಿಗೋ ಕರಗುತ್ತಿತ್ತು. ಓದಬೇಕೆಂಬ ಹುಡುಗ ಮಂಗಳೂರಿಗೋ ಮದರಾಸಿಗೋ ಹೋಗಬೇಕು. ದುಡಿಯಬೇಕೆಂಬ ಹುಡುಗ ಮುಂಬಯಿಯ ಹೋಟೆಲಿಗೆ ಹೋಗಬೇಕು. ಹೋದವರಲ್ಲಿ ಮರಳಿ ಬಂದು ನೆಲೆಸಿದವರು ಕಡಿಮೆ. ಹರಿದುಹೋಗುವ ಇವೆರಡನ್ನೂ, ಹಣವನ್ನೂ ಮಕ್ಕಳನ್ನೂ, ಊರಿನಲ್ಲಿ ನಿಲ್ಲಿಸುವ ಕೆರೆಗಳನ್ನು ಕಟ್ಟಿದ್ದೇ ಪೈಯವರ ಬಾಳಿನ ಸಾಧನೆ ಎಂದು ನಮಗೆ ತೋರುತ್ತದೆ.

ಸ್ವರ್ಣೆಯ ದಂಡೆಯಿಂದ

ಮಾಧವ ಪೈಯವರು 1898ರ ಏಪ್ರಿಲ್ 30ರಂದು ಉಡುಪಿಯ ಬಳಿಯ ಕಲ್ಯಾಣಪುರದಲ್ಲಿ ಜನಿಸಿದರು. ಸ್ವರ್ಣಾ ನದಿಯ ದಂಡೆಯಲ್ಲಿರುವ ಈ ಊರು ಒಂದು ಕಾಲದಲ್ಲಿ ಬಂದರು. ನದಿ ಕಡಲನ್ನು ಸೇರುವೆಡೆಯ ತೋನ್ಸೆಯೇ ಅವರ ಮನೆತನದ ಹೆಸರಾಯಿತು. ಆಗ ಉಡುಪಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಅವರು ಹುಟ್ಟಿದ ಗೌಡ ಸಾರಸ್ವತ ಸಮಾಜದ ಮೂಲನೆಲೆ ಗೋವೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ, ವಿಶೇಷವಾಗಿ ಆ ಶತಮಾನದ ಉತ್ತರಾರ್ಧದಲ್ಲಿ, ಈ ಸಮಾಜದ ಅನೇಕ ಕುಟುಂಬಗಳು ದೇವರ ಮೂರ್ತಿಗಳನ್ನೂ ಮನೆಮಾತಾದ ಕೊಂಕಣಿಯನ್ನೂ ಹೊತ್ತು ತೆಂಕಣಕ್ಕೆ ಇಳಿದವು. ಕಾರವಾರ, ಭಟ್ಕಳ, ಬಸರೂರು, ಉಡುಪಿ, ಮಂಗಳೂರುಗಳಲ್ಲಿ ನೆಲೆ ಕಂಡವು. ಅವರು ಬಿಟ್ಟುಬಂದ ಗೋವೆಯ ಹಳ್ಳಿಗಳಲ್ಲಿ ಗಾಂವಕಾರಿ ಎಂಬ ಗ್ರಾಮಸಂಸ್ಥೆಯಿತ್ತು. ಗದ್ದೆ, ಒಡ್ಡು, ಕೆರೆಗಳು ಅಲ್ಲಿ ಊರೊಟ್ಟಿನ ಸೊತ್ತು. ಉಪ್ಪುನೀರು ನುಗ್ಗದಂತೆ ಖಾಜಣ ಗದ್ದೆಗಳ ಬಾಂಧುಗಳನ್ನು ಕಾಯುವುದು ಊರಿನ ಹೊಣೆ. ಹಳೆಯ ಗೋವೆಯ ಬಳಿಯ ಕರಮಳಿಯ ಕೆರೆ ಇಂದಿಗೂ ಇದರ ಸಾಕ್ಷಿ. ಮಳೆಗಾಲದ ನೀರನ್ನು ಅದು ಹಿಡಿದಿಡುತ್ತದೆ, ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳಿಗೆ ಆಶ್ರಯವಾಗುತ್ತದೆ, ನೀರು ಇಳಿದ ಮೇಲೆ ಅದರ ಅಂಗಳವೇ ಭತ್ತದ ಗದ್ದೆಯಾಗುತ್ತದೆ. ಊರಿನ ಸೊತ್ತು ಊರಿಗೇ ದುಡಿಯಬೇಕೆಂಬ ಈ ತಿಳಿವಳಿಕೆ ಕರಾವಳಿಯ ಉದ್ದಕ್ಕೂ ಹಳೆಯದು. ಪೈಯವರು ಅದಕ್ಕೆ ಇಪ್ಪತ್ತನೆಯ ಶತಮಾನದ ರೂಪವನ್ನು ಕೊಟ್ಟರು.

ಅವರು ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ಆ ಪದವಿಯಿದ್ದವರಿಗೆ ಅಂದು ದೊಡ್ಡ ನಗರಗಳಲ್ಲಿ ಅವಕಾಶವೂ ಮರ್ಯಾದೆಯೂ ಕಾದಿದ್ದವು. ಪೈಯವರು ಉಡುಪಿಗೆ ಮರಳಿ ವೈದ್ಯವೃತ್ತಿಯನ್ನು ಹಿಡಿದರು. ಅಣ್ಣ ಉಪೇಂದ್ರ ಅನಂತ ಪೈಯವರು ಆಗಲೇ ವ್ಯಾಪಾರದಲ್ಲಿದ್ದರು. ಅಣ್ಣತಮ್ಮಂದಿರ ಈ ಜೋಡಿಯನ್ನು ಬಿಡಿಸಿ ಹೇಳಿದರೆ ಮಣಿಪಾಲದ ಕಥೆ ಅರ್ಧವಾಗುತ್ತದೆ. 1956ರಲ್ಲಿ ಉಪೇಂದ್ರ ಪೈಯವರು ತೀರಿಕೊಳ್ಳುವವರೆಗೆ ತಮ್ಮನ ಯೋಜನೆಗಳ ಹಿಂದೆ ಅಣ್ಣನ ಬಲವಿತ್ತು.

ಎರಡಾಣೆಯ ಕೆರೆ

1920ರ ದಶಕದಲ್ಲಿ ಉಡುಪಿಯ ಸುತ್ತಲಿನ ಕೈಮಗ್ಗದ ನೇಕಾರರು ಬಲು ಕಷ್ಟದಲ್ಲಿದ್ದರು. ಗಿರಣಿಯ ಬಟ್ಟೆಯ ಮುಂದೆ ಮಗ್ಗದ ಸೀರೆ ನಿಲ್ಲದಾಗಿತ್ತು. ನೂಲಿಗೆ ಹಣವಿಲ್ಲ, ಸಾಲ ಕೊಡುವವರ ಬಡ್ಡಿಗೆ ಮಿತಿಯಿಲ್ಲ. ವೈದ್ಯರ ಬಳಿಗೆ ಬರುವ ಕಾಯಿಲೆಗಳಲ್ಲಿ ಎಷ್ಟೋ ಹಸಿವಿನಿಂದ ಹುಟ್ಟಿದವು. ಅವಕ್ಕೆ ಔಷಧದ ಬಾಟಲಿಯಲ್ಲಿ ಪರಿಹಾರವಿಲ್ಲ. ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ಡಾ. ಪೈ ಮೂವರು ಸೇರಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಉಡುಪಿಯಲ್ಲಿ ಆರಂಭಿಸಿದರು. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ನೇಕಾರರಿಗೆ ನೆರವಾಗುವುದು ಅದರ ಮೊದಲ ಗುರಿ. ನಮ್ಮ ಶಾಲೆಯಂಥ ಊರೊಟ್ಟಿನ ಶಾಲೆಗಳು ಮೊಳೆಯುತ್ತಿದ್ದ ಕಾಲವೂ ಅದೇ ಎಂಬುದನ್ನು ಈ ಸಂಪುಟದ ಓದುಗರು ಗಮನಿಸಬಹುದು.

ಆ ಕಾಲದ ಬ್ಯಾಂಕಿನ ಬಾಗಿಲಿಗೆ ಸಾಮಾನ್ಯ ಜನ ಹೋಗುತ್ತಿರಲಿಲ್ಲ. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವರು, ತರಕಾರಿ ಅಂಗಡಿಯವರು ಅಲ್ಲಿಗೆ ಹೋಗಿ ನಿಂತರೆ ಏನನ್ನು ಒಪ್ಪಿಸಬೇಕು? ಸಂಜೆಗೆ ಅವರಲ್ಲಿ ಉಳಿಯುವುದು ಕೆಲವೇ ಆಣೆಗಳು. ಇದಕ್ಕೆ ಪೈಯವರ ಬ್ಯಾಂಕು 1928ರಲ್ಲಿ ಕಂಡುಕೊಂಡ ಉಪಾಯ ಪಿಗ್ಮಿ ಠೇವಣಿ. ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬರುತ್ತಾನೆ; ಎರಡಾಣೆ ಕೊಟ್ಟರೂ ಬರೆದುಕೊಂಡು ಒಯ್ಯುತ್ತಾನೆ. ಹದಿನಾರು ಆಣೆಗೆ ಒಂದು ರೂಪಾಯಿಯಿದ್ದ ಕಾಲ. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಮಗಳ ಮದುವೆಗೆ, ಮನೆಯ ಹುಲ್ಲುಮಾಡು ಬದಲಿಸುವುದಕ್ಕೆ, ಮಗನ ಪುಸ್ತಕಕ್ಕೆ ಈ ಹಣ ದೊಡ್ಡದೇ. ನಮ್ಮ ಗಣಿತದ ಅಧ್ಯಾಪಕರು ಮಕ್ಕಳಿಗೆ ಕೊಡಬಹುದಾದ ಲೆಕ್ಕಗಳಲ್ಲಿ ಇದಕ್ಕಿಂತ ಹೆಚ್ಚು ಅರ್ಥವುಳ್ಳದ್ದು ವಿರಳ.

ಈ ಉಪಾಯದ ಹಿರಿಮೆ ಎರಡು ಬಗೆಯದು. ಮೊದಲನೆಯದಾಗಿ, ಉಳಿತಾಯವೆಂಬುದು ಹಣವಿದ್ದವರ ಅಭ್ಯಾಸವೆಂಬ ನಂಬಿಕೆಯನ್ನು ಅದು ಮುರಿಯಿತು. ಎರಡನೆಯದಾಗಿ, ನೂರಾರು ಮನೆಗಳ ಎರಡಾಣೆಗಳು ಒಂದೆಡೆ ನಿಂತಾಗ ಆ ಊರಿಗೇ ಸಾಲ ಕೊಡಲು ಬೇಕಾದ ನಿಧಿ ಒದಗಿತು. ಗುಡ್ಡದ ಮೇಲೆ ಬಿದ್ದ ಹನಿ ಪಳ್ಳದಲ್ಲಿ ನಿಂತು ಕೆಳಗಿನ ಗದ್ದೆಗೆ ಇಳಿಯುವ ಕ್ರಮವೇ ಇದು. 1928ರಲ್ಲಿ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆದ ಬ್ಯಾಂಕು ಮುಂದೆ ಹಳ್ಳಿಹಳ್ಳಿಗೆ ಹಬ್ಬಿತು. 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಅದೂ ಒಂದು. ಅದೇ ಜಿಲ್ಲೆಯ ಕೆನರಾ ಬ್ಯಾಂಕ್ ಇನ್ನೊಂದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಫಲಕಗಳಿಂದ ಆ ಹೆಸರು ಮರೆಯಾಯಿತು. ಆದರೆ ಪಿಗ್ಮಿ ಎಂಬ ಮಾತು ಮರೆಯಾಗಿಲ್ಲ. ಇಂದಿಗೂ ಕರ್ನಾಟಕದಲ್ಲಿ, ಗೋವೆಯಲ್ಲಿ, ಸಹಕಾರ ಸಂಘಗಳ ಪಿಗ್ಮಿ ಸಂಗ್ರಾಹಕರು ಅಂಗಡಿಯಿಂದ ಅಂಗಡಿಗೆ ನಡೆಯುವುದನ್ನು ನಾವು ಕಾಣುತ್ತೇವೆ. ನಮ್ಮ ಪೋಷಕರಲ್ಲಿಯೂ ಎಷ್ಟೋ ಮಂದಿ ಮಕ್ಕಳ ಶಾಲೆಯ ಖರ್ಚನ್ನು ಹೊಂದಿಸುವುದು ಈ ಪುಟ್ಟ ಪುಸ್ತಕದ ಬಲದಿಂದಲೇ.

ಬೋಳುಗುಡ್ಡದ ಮೇಲೆ ವಿದ್ಯೆ

ಉಡುಪಿಯಿಂದ ಮೂಡಣಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಮುರಕಲ್ಲಿನ ಗುಡ್ಡವೊಂದಿತ್ತು. ಬೆಳೆ ಬಾರದ, ನೆರಳಿಲ್ಲದ ಬೋಳುನೆಲ; ತಗ್ಗಿನಲ್ಲಿ ಮಣ್ಣಪಳ್ಳ. ಹಗಲಿನಲ್ಲಿ ದನ ಮೇಯಿಸುವವರು ಬಿಟ್ಟರೆ ಜನರ ಓಡಾಟ ಕಡಿಮೆ. ಹಣ ಹೂಡುವವನು ಅಂಥ ನೆಲವನ್ನು ತಿರುಗಿಯೂ ನೋಡುವುದಿಲ್ಲ. ಪೈಯವರು ಅದನ್ನೇ ಆರಿಸಿಕೊಂಡರು. ಗದ್ದೆ ತೋಟಗಳಿರುವ ಫಲವತ್ತಾದ ಬಯಲನ್ನು ಕಟ್ಟಡಗಳಿಗಾಗಿ ಕೆಡಿಸದೆ, ಯಾರಿಗೂ ಬೇಡವಾದ ಗುಡ್ಡದ ಮೇಲೆ ವಿದ್ಯಾಸಂಸ್ಥೆಗಳನ್ನು ನಿಲ್ಲಿಸಿದ್ದು ಪರಿಸರದ ದೃಷ್ಟಿಯಿಂದಲೂ ವಿವೇಕದ ಕೆಲಸವೆಂದು ಇಂದು ನಮಗೆ ಕಾಣುತ್ತದೆ. ಬೋಳುಗುಡ್ಡವು ಕ್ರಮೇಣ ಸಾಲುಮರಗಳ ಊರಾಯಿತು. ಬ್ಯಾಂಕಿನ ಪ್ರಧಾನ ಕಚೇರಿಯೂ ಉಡುಪಿಯಿಂದ ಗುಡ್ಡವೇರಿ ಬಂತು.

1942ರಲ್ಲಿ ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪದವಿಯ ಹಿಂದೆ ಓಡುವುದಕ್ಕೆ ಮೊದಲು ಕೈಗೊಂದು ಕಸುಬು ಬೇಕೆಂಬುದು ಅದರ ಆರಂಭದ ಆಶಯ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಹುಟ್ಟಿತು. ಕಾಲೇಜು ಮನೆಯ ಹತ್ತಿರಕ್ಕೆ ಬಂದುದರ ಬೆಲೆಯನ್ನು ಹೆಣ್ಣುಮಕ್ಕಳ ತಂದೆತಾಯಿಗಳು ಚೆನ್ನಾಗಿ ಬಲ್ಲರು. ಮಂಗಳೂರಿಗೆ ಕಳುಹಿಸಲಾರದೆ ಹತ್ತನೆಯ ತರಗತಿಗೇ ಓದು ನಿಲ್ಲಿಸುತ್ತಿದ್ದ ಮನೆಗಳ ಹುಡುಗಿಯರು ಪದವೀಧರೆಯರಾಗಿ, ಶಿಕ್ಷಕಿಯರಾಗಿ ಹೊರಬಂದರು. ಕರಾವಳಿಯ ಶಾಲೆಗಳಲ್ಲಿ ಒಂದೆರಡು ತಲೆಮಾರು ಪಾಠ ಹೇಳಿದ ಅಧ್ಯಾಪಕಿಯರಲ್ಲಿ ಇಂಥ ಕಾಲೇಜುಗಳ ಋಣವಿಲ್ಲದವರು ಕಡಿಮೆ.

1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಇದಕ್ಕಿಂತ ದೊಡ್ಡ ಸಾಹಸ. ವೈದ್ಯಕೀಯ ಶಿಕ್ಷಣವೆಂದರೆ ಸರ್ಕಾರದ ಕೆಲಸವೆಂದು ಎಲ್ಲರೂ ತಿಳಿದಿದ್ದ ಕಾಲವದು. ಸರ್ಕಾರದ ಬೊಕ್ಕಸವನ್ನು ನೆಚ್ಚದೆ, ವಿದ್ಯಾರ್ಥಿಗಳ ಶುಲ್ಕದ ಆಧಾರದಲ್ಲಿ ನಡೆದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಇದು ದೇಶಕ್ಕೇ ಮೊದಲನೆಯದೆಂದು ಗಣಿತವಾಗಿದೆ. ಗುಡ್ಡದ ಮೇಲೆ ಆಗ ದೊಡ್ಡ ಆಸ್ಪತ್ರೆಯಿರಲಿಲ್ಲ. ರೋಗಿಗಳಿಲ್ಲದೆ ವೈದ್ಯರನ್ನು ತಯಾರು ಮಾಡುವಂತಿಲ್ಲ. ಅದಕ್ಕೆ ಪೈಯವರು ಕಂಡುಕೊಂಡ ದಾರಿ ಸರಳ. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ. ಬಳಿಕ ರೋಗಿಗಳ ಬಳಿಯ ಕಲಿಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ದಕ್ಷಿಣ ಕನ್ನಡ ಅಂದು ಮದರಾಸು ರಾಜ್ಯದಲ್ಲಿತ್ತು. ಕಾಲೇಜು ಸಂಯೋಜನೆ ಪಡೆದದ್ದು ಬೇರೆ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಕನ್ನಡ ನಾಡು ಒಂದಾಗುವುದಕ್ಕೆ ಮೂರು ವರ್ಷ ಮೊದಲೇ ಕನ್ನಡದ ಎರಡು ಸೀಮೆಗಳು ಈ ಕಾಲೇಜಿನ ಮೂಲಕ ಕೈಹಿಡಿದಂತಾಯಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಹೊರನಾಡುಗಳಿಂದಲೂ ವಿದ್ಯಾರ್ಥಿಗಳು ಈ ಗುಡ್ಡವನ್ನು ಹುಡುಕಿಕೊಂಡು ಬರತೊಡಗಿದರು. ಮಕ್ಕಳನ್ನು ಕಳುಹಿಸಿಕೊಡುವ ನಾಡು ಮಕ್ಕಳನ್ನು ಬರಮಾಡಿಕೊಳ್ಳುವ ನಾಡಾಯಿತು.

ಪೈಯವರ ಮನೆಮಾತು ಕೊಂಕಣಿ, ಊರಮಾತು ತುಳು, ಓದುಬರಹದ ಮಾತು ಕನ್ನಡ. ಅವರು ಕಟ್ಟಿದ ಸಂಸ್ಥೆಗಳ ಆಶ್ರಯದಲ್ಲಿ ಈ ಎಲ್ಲ ಭಾಷೆಗಳಿಗೂ ತಾವು ದೊರೆಯಿತು. 1971ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕೇಂದ್ರ ಅಕಾಡೆಮಿಯ ನೆರಳಿನಲ್ಲೇ ಬೆಳೆಯಿತು. ಶಿವರಾಮ ಕಾರಂತರೂ ಪ್ರೊ. ಕು. ಶಿ. ಹರಿದಾಸ ಭಟ್ಟರೂ ಅದಕ್ಕೆ ದುಡಿದರು. ಗಾಂಧಿ ಸ್ಮಾರಕ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಮುಂದೆ ತುಳು ನಿಘಂಟು ಆರು ಸಂಪುಟಗಳಲ್ಲಿ ಹೊರಬಂತು. ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು ಮಾತು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿ ನಮ್ಮ ಅನೇಕ ವಿದ್ಯಾರ್ಥಿಗಳದೂ ಹೌದು. ಒಂದು ಭಾಷೆಯನ್ನು ಬೆಳೆಸಲು ಇನ್ನೊಂದನ್ನು ಕಳೆಯಬೇಕಿಲ್ಲವೆಂಬುದಕ್ಕೆ ಈ ಸಂಸ್ಥೆಗಳ ಚರಿತ್ರೆಯೇ ಸಾಕ್ಷಿ.

ಶುಲ್ಕದ ಪ್ರಶ್ನೆ

ಹಿರಿಯರನ್ನು ಸ್ಮರಿಸುವಾಗ ಕಠಿಣವಾದ ಪ್ರಶ್ನೆಗಳನ್ನು ಬದಿಗಿರಿಸುವುದು ಸುಲಭ. ಆದರೆ ಕನ್ನಡ ಮಾಧ್ಯಮದ ಶಾಲೆಯೊಂದನ್ನು ನಡೆಸುವ ನಾವು ಅದನ್ನು ಮಾಡಲಾರೆವು. ಎರಡಾಣೆಯವನಿಗೆ ಬ್ಯಾಂಕಿನ ಬಾಗಿಲು ತೆರೆದವರೇ ಶುಲ್ಕದ ಬಲದಿಂದ ನಡೆಯುವ ಉನ್ನತ ಶಿಕ್ಷಣದ ದಾರಿಯನ್ನೂ ತೆರೆದರು. ಆ ದಾರಿಯಲ್ಲಿ ಮುಂದೆ ನಡೆದವರೆಲ್ಲರೂ ಪೈಯವರಲ್ಲ. ಕರ್ನಾಟಕದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಬೆಳೆದಂತೆ ತಲೆಗಂದಾಯದ ಪಿಡುಗೂ ಬೆಳೆಯಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆಯನ್ನೇ ಸರ್ಕಾರ ತರಬೇಕಾಯಿತು. 2002ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕುಗಳ ಬಗ್ಗೆ ನೀಡಿದ ತೀರ್ಪು ಇಂದಿಗೂ ಪೈಯವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯೆಂದೇ ಪ್ರಸಿದ್ಧ. ಸಂಸ್ಥೆ ಕಟ್ಟುವ, ನಡೆಸುವ ಸ್ವಾತಂತ್ರ್ಯವನ್ನು ಆ ತೀರ್ಪು ಎತ್ತಿಹಿಡಿಯಿತು. ಬೆಳವಣಿಗೆಗೆ ಬೇಕಾದ ಮಿತವಾದ ಉಳಿಕೆಗೆ ಒಪ್ಪಿಗೆ ನೀಡಿತು. ಲಾಭಕೋರತನವನ್ನೂ ತಲೆಗಂದಾಯವನ್ನೂ ಸಲ್ಲದೆಂದಿತು.

ನಮ್ಮ ವಿಚಾರ ಹೀಗಿದೆ. ಸರ್ಕಾರ ಕೊಡಲಾರದ ಕಾಲಕ್ಕೆ, ಯಾರೂ ಕಾಲಿಡದ ಗುಡ್ಡದ ಮೇಲೆ, ಶುಲ್ಕವನ್ನು ಕಾಲೇಜು ಕಟ್ಟಲು ಬಳಸಿದ್ದು ಒಂದು ಸಾಹಸ. ಕಾಲೇಜನ್ನು ಶುಲ್ಕ ಎತ್ತಲು ಬಳಸುವುದು ಬೇರೆಯೇ ವ್ಯಾಪಾರ. ಇವೆರಡರ ನಡುವಣ ಗೆರೆಯನ್ನು ಕಾಯುವುದು ಕೆರೆಯ ಏರಿಯನ್ನು ಕಾದಂತೆ ನಿತ್ಯದ ಕೆಲಸ. ಒಂದು ವರ್ಷ ಅಲಕ್ಷಿಸಿದರೂ ಬಿರುಕು ಬಿಡುತ್ತದೆ. ಪಿಗ್ಮಿ ಕಟ್ಟಿದ ಹೆಂಗಸಿನ ಮೊಮ್ಮಗಳು ಅದೇ ಗುಡ್ಡದ ಕಾಲೇಜಿನಲ್ಲಿ ಓದಲು ಸಾಧ್ಯವೇ ಎಂಬುದೇ ಪೈಯವರ ಪರಂಪರೆಯನ್ನು ಅಳೆಯುವ ಕೋಲು. ಸಾಧ್ಯವಾದೆಡೆಯಲ್ಲಿ ಅವರ ಆಶಯ ಜೀವಂತವಾಗಿದೆ. ಸಾಧ್ಯವಾಗದೆಡೆಯಲ್ಲಿ ಅದನ್ನು ನೆನಪಿಸಿಕೊಡುವುದು ನಮ್ಮಂಥ ಶಾಲೆಗಳ ಕರ್ತವ್ಯ. ಬಡವರ ಮಕ್ಕಳನ್ನು ಉನ್ನತ ಶಿಕ್ಷಣದ ಬಾಗಿಲಿನವರೆಗೆ ಕರೆದೊಯ್ಯುವವರು ನಾವೇ ಆದುದರಿಂದ ಈ ಮಾತನ್ನಾಡುವ ಅಧಿಕಾರ ನಮಗಿದೆ.

ಕೊನೆಯ ವರ್ಷಗಳು ಮತ್ತು ಉಳಿದುಬಂದದ್ದು

1972ರಲ್ಲಿ ಭಾರತ ಸರ್ಕಾರ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು. 1979ರ ಮೇ 29ರಂದು, ಎಂಬತ್ತೊಂದರ ವಯಸ್ಸಿನಲ್ಲಿ ಅವರು ಕಾಲವಾದರು. ಅವರ ವಿದ್ಯಾಸಂಸ್ಥೆಗಳು 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆದವು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಯೂ ಅದೇ ಗುಡ್ಡಕ್ಕೆ ಬಂದು ನೆಲೆಸಿತು. 1999ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಈ ಎಲ್ಲ ಗೌರವಗಳಿಗಿಂತ ಅರ್ಥಪೂರ್ಣವಾದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿದೆ. ಪೈಯವರು ಹುಟ್ಟಿದ ಕಲ್ಯಾಣಪುರ ಸ್ವರ್ಣಾ ನದಿಯ ಕೆಳದಂಡೆಯಲ್ಲಿದೆ. ಅದೇ ನದಿಗೆ ಮೇಲ್ಭಾಗದ ಬಜೆಯಲ್ಲಿ ಅಣೆಕಟ್ಟು ಕಟ್ಟಿ ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರನ್ನು ಒದಗಿಸಲಾಗುತ್ತಿದೆ. ಅವರನ್ನು ಸಾಕಿದ ಹೊಳೆಯೇ ಅವರು ಕಟ್ಟಿದ ಊರನ್ನೂ ಸಾಕುತ್ತಿದೆ. ಮಳೆ ತಡವಾದ ವರ್ಷಗಳಲ್ಲಿ ಬಜೆಯ ಜಲಾಶಯ ಬರಿದಾಗುತ್ತ ಬಂದು, ನಗರದವರು ದಿನ ಬಿಟ್ಟು ದಿನ ನೀರು ಹಿಡಿಯಬೇಕಾದದ್ದೂ ಉಂಟು. ಬೋಳುಗುಡ್ಡದ ಮೇಲೆ ಊರು ಬೆಳೆದಷ್ಟೂ ಅದರ ಬಾಯಾರಿಕೆ ಹೆಚ್ಚಿದೆ. ಅದರ ಕೊಳೆನೀರಿನ ಹೊರೆಯೂ ಹೆಚ್ಚಿದೆ. ಉಡುಪಿಯ ನಡುವೆ ಹರಿಯುವ ಇಂದ್ರಾಣಿ ಹೊಳೆ ಕೊಳಚೆಯಿಂದ ಬಳಲುತ್ತಿರುವುದನ್ನು ಆ ದಾರಿಯಲ್ಲಿ ಹೋಗುವವರೆಲ್ಲ ಬಲ್ಲರು. ಊರನ್ನು ಕಟ್ಟುವುದು ಒಂದು ತಲೆಮಾರಿನ ಕೆಲಸ. ಕಟ್ಟಿದ ಊರಿನ ನೀರನ್ನು ಕಾಯುವುದು ಮುಂದಿನ ಎಲ್ಲ ತಲೆಮಾರುಗಳ ಕೆಲಸ.

ಮಣ್ಣಪಳ್ಳ ಮಾತ್ರ ಉಳಿದಿದೆ. ಸುತ್ತಲೂ ಮರಗಳು, ನಡಿಗೆಯ ಹಾದಿ. ಬೆಳಗು ಸಂಜೆ ಹಿರಿಯರು, ಮಕ್ಕಳು, ವಿದ್ಯಾರ್ಥಿಗಳು ಅಲ್ಲಿ ನಡೆದಾಡುತ್ತಾರೆ. ಕರಾವಳಿಯ ಎಷ್ಟೋ ಊರುಗಳು ಬೆಳೆದ ರಭಸಕ್ಕೆ ತಮ್ಮ ಕೆರೆಗಳನ್ನು ಮುಚ್ಚಿ ಬಸ್ ನಿಲ್ದಾಣ, ಮಾರುಕಟ್ಟೆಗಳನ್ನು ಮಾಡಿಕೊಂಡಿವೆ. ತನಗೆ ಹೆಸರು ಕೊಟ್ಟ ಕೆರೆಯನ್ನು ಉಳಿಸಿಕೊಂಡ ಊರು ತನ್ನ ಮೂಲವನ್ನು ಇನ್ನೂ ಮರೆತಿಲ್ಲವೆಂದು ನಾವು ತಿಳಿಯುತ್ತೇವೆ. ಶೈಕ್ಷಣಿಕ ಪ್ರವಾಸದಲ್ಲಿ ಮಣಿಪಾಲಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಅಲ್ಲಿನ ಕಟ್ಟಡಗಳ ಜೊತೆಗೆ ಈ ಪಳ್ಳವನ್ನೂ ತೋರಿಸಬೇಕೆಂದು ನಮ್ಮ ಕೋರಿಕೆ. ಊರಿನ ಹೆಸರು ಎಲ್ಲಿಂದ ಬಂತೆಂದು ಮಕ್ಕಳು ದಡದಲ್ಲಿ ನಿಂತು ಕೇಳಲಿ.

ನಮ್ಮ ಪಾಲಿನ ಎರಡಾಣೆ

ಪೈಯವರ ಬಾಳಿನಿಂದ ನಮ್ಮ ಶಾಲೆ ಕಲಿಯಬೇಕಾದದ್ದು ಏನು? ದೊಡ್ಡ ಬಂಡವಾಳ ನಮ್ಮಲ್ಲಿಲ್ಲ. ಕನ್ನಡ ಮಾಧ್ಯಮಕ್ಕೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಪೋಷಕರಿಗೆಲ್ಲ ತಿಳ��ದ ವಿಚಾರ. ಇಲ್ಲಿ ಓದಿ ಹೋದವರು ಪಣಜಿಯಲ್ಲಿ, ವಾಸ್ಕೋದಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಯ ನಾಡುಗಳಲ್ಲಿ ನೆಲೆಸಿದ್ದಾರೆ. ಗುಡ್ಡದ ನೀರು ಹರಿದುಹೋದಂತೆ ನಮ್ಮ ಮಕ್ಕಳೂ ಹೋಗಿದ್ದಾರೆ. ಅದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಹೋದವರು ಇನ್ನಷ್ಟು ದೂರ ಹೋಗಲಿ, ಇನ್ನಷ್ಟು ಏಳಿಗೆ ಕಾಣಲಿ. ಆದರೆ ಹೋದವರ ನೆನಪು, ಅನುಭವ, ಪ್ರೀತಿಗಳಲ್ಲಿ ಒಂದು ಪಾಲು ಇಲ್ಲಿ ನಿಲ್ಲುವಂತೆ ಒಂದು ಪಳ್ಳವನ್ನು ನಾವು ಕಟ್ಟಿಕೊಳ್ಳಬೇಕಾಗಿದೆ.

ಶತಮಾನೋತ್ಸವದ ಸಂದರ್ಭದಲ್ಲಿ ದೊಡ್ಡ ದೇಣಿಗೆಗಳು ಬರುತ್ತವೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತೇವೆ. ಅದು ಒಳ್ಳೆಯದೇ. ಆದರೆ ಪಿಗ್ಮಿಯ ಪಾಠ ಬೇರೆ. ಒಮ್ಮೆ ಕೊಡುವ ಸಾವಿರಕ್ಕಿಂತ ತಪ್ಪದೆ ಕೊಡುವ ಹತ್ತು ಸಂಸ್ಥೆಯನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ. ಪ್ರತಿ ಹಳೆಯ ವಿದ್ಯಾರ್ಥಿಯೂ ತಿಂಗಳಿಗೆ ಅಷ್ಟಿಷ್ಟು ಹಣವನ್ನೋ, ವರ್ಷಕ್ಕೆ ಒಂದು ದಿನದ ಪಾಠವನ್ನೋ, ಗ್ರಂಥಾಲಯಕ್ಕೆ ಒಂದು ಕನ್ನಡ ಪುಸ್ತಕವನ್ನೋ ತಪ್ಪದೆ ಸಲ್ಲಿಸಿದರೆ, ಎರಡನೆಯ ಶತಮಾನಕ್ಕೆ ಬೇಕಾದ ನಿಧಿ ತಾನಾಗಿ ಕೂಡುತ್ತದೆ. ಪೋಷಕರು ತಮ್ಮ ಮಗುವನ್ನು ನಮ್ಮ ಕೈಗೆ ಒಪ್ಪಿಸುವ ಮೂಲಕ ಈಗಾಗಲೇ ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಶಿಕ್ಷಕರು ದಿನವೂ ಸಲ್ಲಿಸುತ್ತಿದ್ದಾರೆ.

ಮಕ್ಕಳಿಗೂ ಒಂದು ಪಾಲಿದೆ. ಮಳೆಗಾಲಕ್ಕೆ ಮೊದಲು ಶಾಲೆಯ ಬಾವಿಕಟ್ಟೆಯ ಸುತ್ತ, ಊರಿನ ಕೆರೆಯ ದಡದಲ್ಲಿ ಬಿದ್ದ ಪ್ಲಾಸ್ಟಿಕ್ಕನ್ನು ಹೆಕ್ಕುವುದು, ಮಾಡಿನ ನೀರನ್ನು ಇಂಗುಗುಂಡಿಗೆ ಇಳಿಸುವುದು, ನೆಟ್ಟ ಸಸಿಗೆ ಬೇಸಗೆಯಲ್ಲಿ ನೀರೆರೆಯುವುದು, ಇವು ಚಿಕ್ಕ ಕೆಲಸಗಳು. ದಿನಕ್ಕೆ ಎರಡಾಣೆಯಷ್ಟು ಚಿಕ್ಕವು. ಅವನ್ನು ವರ್ಷವಿಡೀ ಮಾಡಿದ ಮಗು ದೊಡ್ಡವನಾಗಿ ವ್ಯಾಪಾರ ಹಿಡಿದರೂ, ವೈದ್ಯನಾದರೂ, ಗೋವೆಯಲ್ಲಿ ಹೋಟೆಲು ನಡೆಸಿದರೂ, ತಾನು ನೀರು ಕುಡಿದ ಊರಿನ ಲೆಕ್ಕವನ್ನು ಮರೆಯದು.

ವ್ಯವಹಾರವೆಂದರೆ ಊರಿನಿಂದ ಪಡೆಯುವುದೆಂದು ಬಹುಮಂದಿ ತಿಳಿಯುತ್ತಾರೆ. ಊರಿನದನ್ನು ಊರಿನಲ್ಲೇ ನಿಲ್ಲಿಸಿ, ತಿಳಿಯಾಗಿಸಿ, ಊರಿಗೇ ಮರಳಿಸುವುದೂ ವ್ಯವಹಾರವೇ ಎಂದು ತೋರಿಸಿದವರು ಡಾ. ಟಿ. ಎಂ. ಎ. ಪೈಯವರು. ಅಂಥ ಹಿರಿಯರ ನೆನಪಿಗೆ ನಮ್ಮ ಶಾಲೆಯ ಶಿಕ್ಷಕ ವೃಂದದ, ವಿದ್ಯಾರ್ಥಿಗಳ ಮತ್ತು ಪೋಷಕರ ಪರವಾಗಿ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇವೆ. ನಮ್ಮ ಶಾಲೆಯ ಎರಡನೆಯ ಶತಮಾನದ ಮಕ್ಕಳಲ್ಲಿ ಇಂಥವರೊಬ್ಬರು ಮೂಡಿಬರಲಿ ಎಂದು ಹಾರೈಸುತ್ತೇವೆ.